ಜಪಾನಿನ ಎಂಜಿನ್ನು, ಅಪ್ಪನ ಪರ್ಮಿಟ್ಟು

ಸ್ವೀಡನ್ನಿನ ಸೋಲ್ನಾದಲ್ಲಿ ನಾವು ಕಳೆದ ಕೊನೆಯ ಚಳಿಗಾಲ ಅದು, 2016ರದು. ಅಲ್ಲಿ ಅಂಚೆಯವನು ಬೆಲ್ ಒತ್ತುವುದಿಲ್ಲ, ಬಾಗಿಲ ಸೀಳಿನಿಂದ ಕಾಗದ ತಳ್ಳಿ ಹೋಗುತ್ತಾನೆ. ಟಪ್ ಎಂದು ಏನಾದರೂ ಬಿದ್ದರೆ ಸಾಕು, ಅಮ್ಮ ಒಗ್ಗರಣೆಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು. ಸಾಸಿವೆ, ಇಂಗು ಸೀದ ವಾಸನೆ ಆ ಚಳಿಗಾಲವೆಲ್ಲ ನಮ್ಮ ಜಾಕೆಟ್ಟುಗಳಲ್ಲಿತ್ತು.

ಕಾಯುತ್ತಿದ್ದದ್ದು ಅಪ್ಪನ ವರ್ಕ್ ಪರ್ಮಿಟ್ಟಿಗೆ. ಹಿಂದಿನ ಕಂಪನಿ ಕೆಲವು ತಿಂಗಳು ಅವರ ವಿಮೆ ಮಾಡಿಸಲು ಮರೆತಿತ್ತು; ಅಲ್ಲಿ ಅಷ್ಟಕ್ಕೇ ಪರ್ಮಿಟ್ಟಿನ ನವೀಕರಣ ತಪ್ಪಬಹುದು. ಮರೆತವರು ಕಂಪನಿಯವರು, ದೇಶ ಬಿಡಬೇಕಾದವರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನನಗಾಗ ಹತ್ತು ವರ್ಷ. ಶಾಲೆಯಲ್ಲಿ ಯಾವುದಾದರೊಂದು ಯಂತ್ರದ ಚರಿತ್ರೆ ಹೇಳಬೇಕಿತ್ತು. ರೈಲಿನ ಹುಚ್ಚಿದ್ದ ಅಪ್ಪ ಜಪಾನಿನ ಸಿ-62 ಎಂಬ ಉಗಿ ಎಂಜಿನ್ನನ್ನು ಆರಿಸಿಕೊಟ್ಟರು. ಯುದ್ಧ ಮುಗಿದ ಜಪಾನಿನಲ್ಲಿ ಗೂಡ್ಸ್ ಎಂಜಿನ್ನುಗಳು ಬೇಕಾದದ್ದಕ್ಕಿಂತ ಹೆಚ್ಚಿದ್ದವು, ಪ್ಯಾಸೆಂಜರ್ ಎಂಜಿನ್ನುಗಳಿಗೆ ಬರ. ಹೊಸದು ಕಟ್ಟಲು ಯುದ್ಧ ಗೆದ್ದು ಅಲ್ಲಿ ಬೀಡುಬಿಟ್ಟಿದ್ದ ಪರದೇಶದ ಸೈನ್ಯದವರ ಅನುಮತಿಯಿರಲಿಲ್ಲ.

"ಏನ್ ಮಾಡಿದ್ರು ಗೊತ್ತಾ? ಗೂಡ್ಸ್ ಎಂಜಿನ್ ಬಾಯ್ಲರ್ ತೆಗ್ದು ಹೊಸ ಫ್ರೇಮ್ ಮೇಲೆ ಕೂರಿಸಿದ್ರು. ಪೇಪರಲ್ಲಿ ಮಾತ್ರ, ಹೊಸದಲ್ಲ, ಹಳೇದನ್ನೇ ರಿಪೇರಿ ಮಾಡಿದೀವಿ ಅಂತ ಬರೆದ್ರು. ಪರ್ಮಿಷನ್ ಸಿಕ್ಕೇಬಿಡ್ತು! ಅಲ್ಲಿನ ಪ್ಯಾಸೆಂಜರ್ ಎಂಜಿನ್‌ಗಳಲ್ಲೆಲ್ಲ ಇದೇ ದೊಡ್ಡದು."

"ಚೀಟಿಂಗ್ ಅಲ್ವಾ ಅಪ್ಪಾ?"

"ಬಾಯ್ಲರ್ ಹಳೇದೇ ತಾನೆ? ಅರ್ಧ ನಿಜ."

ಮರುದಿನ ಶಾಲೆಯಿಂದ ಬಂದವಳೇ ವೀಸಾ ಕಚೇರಿಗೆ ಸ್ವೀಡಿಷ್‌ನಲ್ಲಿ ಕಾಗದ ಬರೆದೆ. 'ನನ್ನ ಅಪ್ಪ ಹೊಸಬರಲ್ಲ. ರಿಪೇರಿಯಾದ ಹಳಬರು ಎಂದು ಬರೆದುಕೊಂಡು ಪರ್ಮಿಟ್ ಕೊಡಿ. ಜಪಾನಿನಲ್ಲಿ ಹೀಗೇ ಕೊಟ್ಟಿದ್ದರು. ಅಪ್ಪ ತುಂಬಾ ಒಳ್ಳೆಯವರು.' ಕೆಳಗೆ ನನ್ನ ಪರ್ಸೂನ್‌ನಂಬರ್ ಹಾಕಿದೆ. ಆ ಗುರುತಿನ ಸಂಖ್ಯೆಯಿಲ್ಲದೆ ಆ ದೇಶದಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ.

ಕಾಗದ ಅಂಚೆ ಡಬ್ಬಿಯೊಳಗೆ ಬಿದ್ದ ಮೇಲೆ ಹೆದರಿಕೆ ಶುರುವಾಯಿತು. ಅಪ್ಪನೇ ಮೋಸ ಹೇಳಿಕೊಟ್ಟರೆಂದು ಅವರು ತಿಳಿದುಕೊಂಡರೆ? ಬಿಡುವಿನಲ್ಲಿ ಎಲ್ಲರೂ ಹಿಮದ ಗುಡ್ಡೆ ಹತ್ತಿ ಒಬ್ಬರನ್ನೊಬ್ಬರು ದಬ್ಬಿ ಆಡುತ್ತಿದ್ದರೆ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ತರಗತಿಯ ಮುಂದೆ ನಿಂತು ಸಿ-62ರ ಕಥೆ ಹೇಳುವಾಗ, ಅನುಮತಿ ಎಂಬಲ್ಲಿಗೆ ಬಂದು ಹಾಳೆ ಮಡಚಿಬಿಟ್ಟೆ. ಟೀಚರ್ ನೀರು ಕೊಟ್ಟು ಕೂರಿಸಿದರು.

ಮೂರನೇ ವಾರ, ಒಂದು ಶುಕ್ರವಾರ, ಲಕೋಟೆ ಬಿತ್ತು. ಸಂಜೆ ಅಪ್ಪ ಬಂದು ಒಡೆದರು. ಅಮ್ಮ ಸೌಟು ಹಿಡಿದೇ ನಿಂತಿದ್ದಳು.

"ನಿಮ್ಮ ಮಗಳ ಪತ್ರ ತಲುಪಿದೆ, ಅರ್ಜಿಗೆ ಸೇರಿಸಿದ್ದೇವೆ ಅಂತಿದೆ. ಯಾವ ಪತ್ರ ಪುಟ್ಟಿ?"

ಅಳುತ್ತಾ ಎಲ್ಲ ಹೇಳಿದೆ.

"ಅಯ್ಯೋ, ಏನ್ ಮಾಡ್ಬಿಟ್ಟೆ!" ಎಂದಳು ಅಮ್ಮ.

ಅಪ್ಪ ಬೈಯಲಿಲ್ಲ. "ಕೊನೇಲಿ ಏನಂತ ಬರೆದೆ, ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ಲಕೋಟೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾರ್ಚಿನಲ್ಲಿ ಪರ್ಮಿಟ್ ಇಲ್ಲವೆಂದು ಬಂತು. ಕಾರಣ ವಿಮೆಯೊಂದೇ. ನನ್ನ ಕಾಗದದ ಬಗ್ಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಶಾಲೆಗೆ ಬೇಸಿಗೆ ರಜೆ ಸಿಗುವ ಮೊದಲೇ ನಾವು ಊರಿಗೆ ಹೊರಟೆವು.

ಈಗ ಸ್ವೀಡಿಷ್ ಮುಕ್ಕಾಲು ಮರೆತಿದೆ, ಅದಕ್ಕೆ ಅಂಥ ಬೇಸರವಿಲ್ಲ. ಅರ್ಜಿಗಳನ್ನು ಈಗ ನಾನೇ ತುಂಬುತ್ತೇನೆ; ಕೇಳಿದ್ದಕ್ಕಷ್ಟೇ ಉತ್ತರ, ಒಂದಕ್ಷರ ಹೆಚ್ಚಿಲ್ಲ. ಒಬ್ಬ ಮನುಷ್ಯ ಒಳ್ಳೆಯವನೆಂದು ಬರೆದು ತಿಳಿಸಿದರೆ ಸಾಕು, ಕಚೇರಿಯವರು ಕೇಳುತ್ತಾರೆ ಎಂಬ ಆ ನಂಬಿಕೆ ಮಾತ್ರ ಮತ್ತೆ ಬರಲಿಲ್ಲ.