ಮಹಾಕೂಟದಲ್ಲಿ ಬಿದ್ದು ಮಂಜಾದ ಕಣ್ಣು

ಮಿತ್ರರಿಗೆಲ್ಲ ಶರಣಾರ್ಥಿ. ನಿನ್ನೆ ಮಹಾಕೂಟದ ಹೊಂಡದಲ್ಲಿ ಮಿಂದು ಮೇಲೇರುವಾಗ ಜಾರಿ ಬಿದ್ದು ಹಣೆಯಲ್ಲಿ ಬುಗುಟಿ ಎದ್ದಿತು. ಅಲ್ಲಿಂದೀಚೆಗೆ ಲೋಕವೆಲ್ಲ ಮಸುಕು. ಇಂದು ಬೆಳಿಗ್ಗೆ ಅಂಗೈಯಲ್ಲಿರುವ ಇಷ್ಟಲಿಂಗವೇ ಸ್ಪಷ್ಟವಾಗಿ ಕಾಣದಾದಾಗ ಮಡದಿಯೊಡನೆ ಬಾಗಲಕೋಟೆಗೆ ಧಾವಿಸಿದೆ.

ಕಣ್ಣಿನ ವೈದ್ಯೆ ಕನ್ನಡಕ ತೆಗೆಸಿ, ತಮ್ಮ ಪರೀಕ್ಷೆಯ ಗಾಜುಗಳನ್ನಿಟ್ಟು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕಡೆಯ ಸಾಲನ್ನೂ ನಿರರ್ಗಳವಾಗಿ ಓದಿದೆ!

“ಅಜ್ಜಾರ, ಕಣ್ಣು ಛಲೋ ಅದಾವಲ್ರಿ!”

“ಹಂಗಾರ ಯಾಕ ಕಾಣವಲ್ದವ್ವಾ?”

ಅವರು ನನ್ನ ಕನ್ನಡಕವನ್ನು ಎತ್ತಿ ಹಿಡಿದು ನೋಡಿದರು. “ಇದು ನಿಮ್ಮದ ಏನ್ರಿ?”

ಪಕ್ಕದಲ್ಲಿದ್ದ ಮಡದಿ ಮೆಲ್ಲಗೆ, “ನನಗೂ ನಿನ್ನಿಯಿಂದ ಮಬ್ಬ ಕಾಣಾಕತ್ತೈತ್ರಿ. ಇವರು ಬಿದ್ದಿದ್ದಕ್ಕ ಅತ್ತು ಅತ್ತು ಹಂಗಾಗೇತಿ ಅನಕೊಂಡಿದ್ದೆ” ಎಂದಳು.

ಸ್ನಾನಕ್ಕಿಳಿಯುವ ಮುನ್ನ ಇಬ್ಬರ ಕನ್ನಡಕಗಳನ್ನೂ ಆಕೆ ಒಣ ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿದ್ದಳು. ಎರಡೂ ಕೆರೂರಿನಲ್ಲಿ ಒಂದೇ ದಿನ ಕೊಂಡ ಒಂದೇ ಬಗೆಯ ಚೌಕಟ್ಟುಗಳು! ನಾನು ಬಿದ್ದ ಗಾಬರಿಯಲ್ಲಿ ಅದಲುಬದಲಾಗಿದ್ದವು. ಅಲ್ಲಿಯೇ ಬದಲಿಸಿಕೊಂಡು, ಮೂವರೂ ಕಣ್ಣೀರು ಬರುವವರೆಗೆ ನಕ್ಕೆವು.

ಮನೆಗೆ ಬಂದು ಮತ್ತೆ ಪೂಜೆಗೆ ಕುಳಿತೆ. ನಿಚ್ಚಳವಾಗಿ ಕಂಡ ಇಷ್ಟಲಿಂಗವನ್ನು ಹಿಗ್ಗಿನಿಂದ ಕಣ್ಣಿಗೊತ್ತಿಕೊಳ್ಳುವಾಗ ಅದು ಬುಗುಟಿಗೆ ತಗುಲಿ ಚುರುಕ್ಕೆಂದಿತು. ಅದಕ್ಕೆ ಔಷಧ ಕೇಳುವುದನ್ನೇ ಮರೆತು ಬಂದಿದ್ದೆವು.