ಕೊನೆಯ ಸಾಲಿನ ಸಿ

ಅಕ್ಕನಿಗೆ ಎರಡನೇ ಪಿಯುಸಿಯಲ್ಲಿ ಗಣಿತ ಒಂದೇ ಉಳಿದಿತ್ತು. ಅವಳು ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ರಿಂಗುಗಳ ಅಳತೆ ನೋಡುವ ಗುತ್ತಿಗೆ ಕೆಲಸದಲ್ಲಿದ್ದಳು. ಆ ವರ್ಷ ಕೆಲವರನ್ನು ಕಾಯಂ ಮಾಡುವವರಿದ್ದರು. ಪಿಯುಸಿ ಪಾಸಾಗಿರಬೇಕು ಎಂಬುದು ಷರತ್ತು. ನಾನು ಹಿಂದಿನ ವರ್ಷ ಪಾಸಾಗಿದ್ದೆ. ಪಾಠ ಹೇಳುವ ಕೆಲಸ ನನಗೆ ಬಂತು.

ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸುವಾಗ ಅವಳು ಸಿ ಎಂಬ ಸ್ಥಿರಾಂಕವನ್ನೇ ಮರೆಯುತ್ತಿದ್ದಳು.

"ಕೊನೇ ಸಾಲಲ್ಲಿ ಪ್ಲಸ್ ಸಿ ಹಾಕ್ಬಿಡು, ಆಯ್ತು" ಎಂದೆ.

"ಇಂಟಿಗ್ರೇಟ್ ಮಾಡಿದ ತಕ್ಷಣ ಹಾಕ್ಬಾರ್ದಾ?"

"ಅದನ್ನ ಪ್ರತಿ ಸಾಲಲ್ಲೂ ಯಾಕೆ ಹೊತ್ಕೊಂಡು ತಿರುಗ್ತೀಯಾ?"

"ಇದು ನಿಮ್ಮ ಲೆಕ್ಚರರ್ ಹೇಳಿದ್ದೋ, ನಿನ್ನ ಸೋಮಾರಿತನವೋ?"

ಪುಸ್ತಕದ ಒಂದು ಲೆಕ್ಕ ಬಿಡಿಸಿ ತೋರಿಸಿದೆ. ಎಕ್ಸ್ ಸೊನ್ನೆಯಾದಾಗ ವೈ ಒಂದು ಎಂದು ಕೊಟ್ಟಿದ್ದರು. ಲಾಗ್ ತೆಗೆದುಹಾಕಿದ ಮೇಲೆ, ಕೊನೆಯಲ್ಲಿ ಸಿ ಸೇರಿಸಿದೆ. ಅದರ ಬೆಲೆ ಸೊನ್ನೆ ಬಂತು. ಬಂದ ಉತ್ತರ ಪುಸ್ತಕದ ಕೊನೆಯಲ್ಲಿ ಕೊಟ್ಟಿದ್ದ ಉತ್ತರಕ್ಕೆ ಸರಿಹೊಂದಿತು.

"ನೋಡಿದ್ದು ಒಂದೇ ಲೆಕ್ಕ ಕಣೋ. ನಾವು ಒಂದು ರಿಂಗನ್ನೇ ಮೂರು ಕಡೆ ಅಳೀತೀವಿ."

"ಇದೇನು ನಿನ್ನ ಬೇರಿಂಗಾ?"

ಅವಳು ನಕ್ಕು, ಹಾಗೇ ರೂಢಿ ಮಾಡಿಕೊಂಡಳು.

ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅದೇ ಲೆಕ್ಕ ಬಂತು, ಐದು ಅಂಕಕ್ಕೆ. ಆದರೆ ವೈ ಎರಡು ಎಂದು ಕೊಟ್ಟಿದ್ದರು. ಬಸ್‌ಸ್ಟಾಪಿನಲ್ಲಿ ಅವಳು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡ ಉತ್ತರ ತೋರಿಸಿದಳು. ಮನಸ್ಸಿನಲ್ಲೇ ಅದನ್ನು ಈಕ್ವೇಶನ್ನಿಗೆ ಹಾಕಿ ತಾಳೆ ನೋಡಿದೆ. ಹೊಂದಲಿಲ್ಲ. ಸಿ ಲಾಗ್ ಇದ್ದ ಸಾಲಿನಲ್ಲೇ ಬರಬೇಕಿತ್ತು. ಲಾಗ್ ತೆಗೆದುಹಾಕಿದಾಗ ಅದು ಕೂಡುವ ಸಂಖ್ಯೆಯಾಗಿ ಉಳಿಯದೆ ಗುಣಿಸುವ ಸಂಖ್ಯೆಯಾಗುತ್ತಿತ್ತು. ಪುಸ್ತಕದ ಲೆಕ್ಕದಲ್ಲಿ ವೈ ಒಂದಾಗಿದ್ದರಿಂದ ತಪ್ಪು ದಾರಿಯೂ ಸರಿ ಉತ್ತರಕ್ಕೇ ಮುಟ್ಟಿತ್ತು.

"ಸರಿ ಇದೆಯಾ?" ಎಂದಳು.

"ಸರಿ ಇದೆ" ಎಂದೆ.

ಮೂರು ಅಂಕ ಸಾಲದೆ ಫೇಲಾದಳು. "ಎಲ್ಲಿ ಹೋಯ್ತೋ ಗೊತ್ತಿಲ್ಲ. ನೀನು ಹೇಳ್ಕೊಟ್ಟಿದ್ದಂತೂ ಬರೆದಿದ್ದೆ" ಎಂದಳು. ಕಾಯಂ ಆದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಈಗಲೂ ಗುತ್ತಿಗೆಯಲ್ಲೇ ಇದ್ದಾಳೆ, ಬೇರೊಂದು ಕಾರ್ಖಾನೆಯಲ್ಲಿ.

ನಾನು ಪತ್ರಿಕೆ ಸೇರಿದೆ. ನನ್ನ ವರದಿಗಳಿಗೆ ಎರಡು ಸಲ ತಿದ್ದುಪಡಿ ಪ್ರಕಟವಾಗಿದೆ. ಎರಡನ್ನೂ ನಾನೇ ಬರೆದುಕೊಟ್ಟೆ. ಈ ತಪ್ಪನ್ನು ಮಾತ್ರ ಅಕ್ಕನಿಗೆ ಹೇಳಲಿಲ್ಲ.

ಕಳೆದ ಭಾನುವಾರ ಅವಳು ಜೊತೆಯಲ್ಲಿ ಕೆಲಸ ಮಾಡುವವರ ಮಗಳನ್ನು ಕರೆತಂದಳು. "ನನ್ನ ತಮ್ಮ ಚೆನ್ನಾಗಿ ಹೇಳ್ಕೊಡ್ತಾನೆ" ಎಂದು ಹೇಳಿ, ಅಲ್ಲೇ ಕೂತು ಅವರೆಕಾಯಿ ಸುಲಿಯತೊಡಗಿದಳು.

"ಸಾರ್, ಸಿ ಯಾವಾಗ ಹಾಕ್ಬೇಕು?" ಎಂದು ಹುಡುಗಿ ಕೇಳಿದಳು.

"ಇಂಟಿಗ್ರೇಟ್ ಮಾಡಿದ ಸಾಲಲ್ಲೇ. ಕೊನೇಲಿ ಹಾಕಿದ್ರೆ ತಪ್ಪು."

ಅಕ್ಕನ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಇನ್ನೊಂದು ಕಾಯಿ ಎತ್ತಿಕೊಂಡಳು.