ಬೀಗ ಹಾಕಿದ ಕಂಪ್ರೆಸರ್ ಕೋಣೆ

ಗೋಡೆಯ ಮೇಲಿನ ಆಮ್ಲಜನಕದ ಮೀಟರು ಶೇಕಡಾ 20.9 ತೋರಿಸುತ್ತಿತ್ತು. ಒಳ್ಳೆಯ ಗಾಳಿಯಲ್ಲಿ ಇರಬೇಕಾದಷ್ಟೇ. ಒಂದು ಗಂಟೆಯಿಂದ ಆ ಅಂಕಿ ಒಂದಿಷ್ಟೂ ಕದಲಿರಲಿಲ್ಲ. ಅದೇ ಅನುಮಾನ ಹುಟ್ಟಿಸಬೇಕಿತ್ತು. ನನಗೆ ಹುಟ್ಟಲಿಲ್ಲ.

ಕಾರಣ ಸಿಗದ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಅಸಹನೆ ಇತ್ತು. ಭೌತಶಾಸ್ತ್ರ ಓದಿದವಳು ನಾನು. ಸದ್ದು ಬಂದರೆ ಅದಕ್ಕೊಂದು ಮೂಲ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಎನ್ನುತ್ತಿದ್ದೆ. ಈಗಲೂ ಹಾಗೇ ಎನ್ನುತ್ತೇನೆ. ಆದರೆ ಒಂದು ಸದ್ದಿನ ಮೂಲ ನಾಲ್ಕು ವರ್ಷವಾದರೂ ನನಗೆ ಸಿಕ್ಕಿಲ್ಲ.

ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಇರುವ ಸಣ್ಣ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ. ಹೀಲಿಯಂ ಅನಿಲವನ್ನು ತಣಿಸಿ ದ್ರವ ಮಾಡುವ ಯಂತ್ರ ನೋಡಿಕೊಳ್ಳಬೇಕು. ಬಳಸಿದ ಅನಿಲ ಒಂದು ದೊಡ್ಡ ರಬ್ಬರ್ ಚೀಲಕ್ಕೆ ವಾಪಸು ಬರುತ್ತದೆ, ಅದನ್ನು ಮತ್ತೆ ದ್ರವ ಮಾಡುತ್ತೇವೆ. ಅನಿಲವನ್ನು ಒತ್ತಿ ಕಳಿಸುವ ಕಂಪ್ರೆಸರ್ ಪಕ್ಕದ ಕೋಣೆಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಗುತ್ತಿಗೆಯ ಮೆಕ್ಯಾನಿಕ್ ಅಮೀರ್ ಭಾಯ್. ಗದ್ದಲದಲ್ಲಿ ಕೂಗಿದರೆ ಕೇಳಿಸದು. ಹಾಗಾಗಿ ವಾಲ್ವ್ ತೆಗೆಯುವ ಮೊದಲು ಅವರು ಎರಡೂ ಕೋಣೆಗಳಲ್ಲಿ ಹಾದುಹೋಗುವ ಕೊಳವೆಯನ್ನು ಸ್ಪ್ಯಾನರಿನಿಂದ ತಟ್ಟುತ್ತಿದ್ದರು: ಎರಡು ಸಲ, ಸ್ವಲ್ಪ ಬಿಟ್ಟು ಒಂದು ಸಲ. ನಾನು ತಿರುಗಿ ತಟ್ಟಿದರೆ ಮಾತ್ರ ತೆಗೆಯುತ್ತಿದ್ದರು.

"ಕೊಬ್ರಿ ಕಾಯಿ ಅಲ್ಲಾಡಿಸಿ ಕಿವಿಗೆ ಹಿಡೀತಾರಲ್ಲ, ಹಂಗೆ ಕೇಳ್ಬೇಕು ಮೇಡಂ ಮಿಷನ್ನ. ನೀವು ಬರೀ ಮೀಟ್ರು ನೋಡ್ತೀರ" ಎಂದು ನಗುತ್ತಿದ್ದರು.

ಒಂದು ಶನಿವಾರ ಸಂಜೆ ಅವರು ಹೋದ ಮೇಲೆ, ಚಾವಣಿಯ ಮೇಲಿಂದ ಅನಿಲ ಹೊರಬಿಡುವ ವಾಲ್ವನ್ನು ತೆಗೆದವಳು ನಾನು. ಮುಚ್ಚಲು ಮರೆತೆ. ಸೋಮವಾರ ಬಂದಾಗ ಚೀಲ ನೆಲಕ್ಕೆ ಅಂಟಿಕೊಂಡಿತ್ತು. ತಿಂಗಳುಗಟ್ಟಲೆ ಕೂಡಿಸಿದ್ದ ಅನಿಲವೆಲ್ಲ ಆಕಾಶಕ್ಕೆ ಹೋಗಿತ್ತು. ರಿಜಿಸ್ಟರಿನಲ್ಲಿ ಕೊನೆಯ ಸಹಿ ಅವರದಿತ್ತು. ವಿಚಾರಣೆಯಲ್ಲಿ ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಅಷ್ಟೇ ಸಾಕಾಯಿತು. ಅವರನ್ನು ಕೆಲಸದಿಂದ ತೆಗೆದರು.

ನಾಲ್ಕು ತಿಂಗಳ ನಂತರದ ಮಾತು. ಹೊಸ ಮೆಕ್ಯಾನಿಕ್ ರಜೆಯಲ್ಲಿದ್ದ. ಇಬ್ಬರಿರಬೇಕಾದ ಕೆಲಸವನ್ನು ನಾನೊಬ್ಬಳೇ ಮಾಡುತ್ತಿದ್ದೆ. ಏಣಿಯ ಮೇಲೆ ಕುಳಿತು ದ್ರವ ಹೀಲಿಯಂ ಅನ್ನು ಯಂತ್ರದಿಂದ ಪಾತ್ರೆಗೆ ಇಳಿಸುತ್ತಿದ್ದೆ. ಕರೆಂಟು ಹೋಗಿತ್ತು, ಯಂತ್ರಗಳೆಲ್ಲ ನಿಂತಿದ್ದವು, ಮೀಟರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕೊಳವೆಯ ಮೇಲೆ ತಟ್ಟಿದ ಸದ್ದು ಬಂತು. ಎರಡು. ಸ್ವಲ್ಪ ಬಿಟ್ಟು ಒಂದು.

ಲೋಹ ತಣ್ಣಗಾಗುವಾಗ ಟಿಕ್ ಎನ್ನುತ್ತದೆ, ಇದೂ ಅದೇ ಎಂದುಕೊಂಡೆ. ಮತ್ತೆ ಬಂತು, ಅದೇ ಲೆಕ್ಕದಲ್ಲಿ. ಕಂಪ್ರೆಸರ್ ಕೋಣೆಗೆ ಬೀಗ ಹಾಕಿತ್ತು, ಕೀಲಿ ನನ್ನ ಜೇಬಿನಲ್ಲೇ ಇತ್ತು. ಸಿಟ್ಟು ಬಂತು. ಯಾರು ಆಟವಾಡುತ್ತಿದ್ದಾರೆ ನೋಡೋಣವೆಂದು ಎದ್ದು, ವಾಲ್ವ್ ಮುಚ್ಚಿ ಇಳಿದೆ. ಬಾಗಿಲು ದಾಟುವಾಗ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. ಹೊರಗಿನ ಗಾಳಿ ತಾಗಿದ ಮೇಲೆ ತಲೆ ತಿಳಿಯಾಯಿತು.

ಹೊರಗೆ ತೂಗುಹಾಕಿದ್ದ ಕೈಮೀಟರನ್ನು ಬಾಗಿಲಿನಿಂದ ಒಳಗೆ ಚಾಚಿದೆ. 14. ಪೈಪಿನ ಒಂದು ಕ್ಲಿಪ್ ಸಡಿಲಾಗಿ ಹೀಲಿಯಂ ಕೋಣೆಯಲ್ಲಿ ತುಂಬಿಕೊಂಡಿತ್ತು. ಗೋಡೆಯ ಮೀಟರು ಕೆಟ್ಟು ಅದೇ ಅಂಕಿಯಲ್ಲಿ ನಿಂತುಬಿಟ್ಟಿತ್ತು. ಇನ್ನು ಸ್ವಲ್ಪ ಹೊತ್ತು ಕುಳಿತಿದ್ದರೆ ಏಣಿಯಿಂದ ಬೀಳುತ್ತಿದ್ದೆ, ಬಿದ್ದದ್ದು ನನಗೆ ಗೊತ್ತೂ ಆಗುತ್ತಿರಲಿಲ್ಲ.

ಆಮ್ಲಜನಕ ಕಡಿಮೆಯಾದ ಮಿದುಳು ಇಲ್ಲದ್ದನ್ನು ಕೇಳುತ್ತದೆ. ಓದುಗರು ಹೀಗೆನ್ನುವ ಮೊದಲೇ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಯಲಲ್ಲಿ ಹತ್ತು ನಿಮಿಷ ಉಸಿರಾಡಿ, ಮನಸ್ಸು ಸ್ತಿಮಿತಕ್ಕೆ ಬಂದ ಮೇಲೂ ಆ ಸದ್ದು ಇನ್ನೊಮ್ಮೆ ಬಂತು. ಕಂಪ್ರೆಸರ್ ಕೋಣೆಯ ಬೀಗ ತೆಗೆದು ನೋಡಿದೆ. ನೆಲದ ಧೂಳಿನ ಮೇಲೆ ಒಂದು ಹೊಸ ಹೆಜ್ಜೆಯೂ ಇರಲಿಲ್ಲ. ಸ್ಪ್ಯಾನರು ಮೊಳೆಯಲ್ಲಿ ನೇತಾಡುತ್ತಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಿಪಟೂರಿಗೆ ಹೋದೆ. ಅಮೀರ್ ಭಾಯ್ ಅಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು.

"ಏನ್ ಮೇಡಂ, ತೋಟದ್ ಮೋಟ್ರು ಸುಟ್ಟೋಯ್ತಾ?" ಎಂದರು.

"ನಿನ್ನೆ ಮೂರು ಗಂಟೆಗೆ ಎಲ್ಲಿದ್ರಿ?"

"ಇಲ್ಲೇ. ಇದೇ ಮೋಟ್ರು ಸುತ್ತುತಿದ್ದೆ. ಯಾಕೆ?"

"ಆ ವಾಲ್ವ್ ತೆಗೆದಿಟ್ಟಿದ್ದು ನಾನು" ಎಂದೆ.

ಅವರು ತಾಮ್ರದ ತಂತಿಯಿಂದ ಕಣ್ಣೆತ್ತಲಿಲ್ಲ. "ಗೊತ್ತು ಕಣಮ್ಮ."

"ಮತ್ತೆ ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನಾನಲ್ಲ ಅಂತ ಹೇಳ್ದೆ. ನೀವು ಎದುರ್ಗೇ ಕೂತಿದ್ರಿ. ಬುಡಿ, ಗಿರಾಕಿ ಬತ್ತಾರೆ."

ಕೇಂದ್ರಕ್ಕೆ ಮರಳಿ, ವಾಲ್ವ್ ತೆಗೆದದ್ದು, ಮರೆತದ್ದು, ಸುಮ್ಮನಿದ್ದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ. ತಟ್ಟಿದ ಸದ್ದಿನ ವಿಷಯ ಬರೆಯಲಿಲ್ಲ. ಸಹಿ ಹಾಕಿ, ನಿರ್ದೇಶಕರು ಬರುವ ಮೊದಲೇ ಅವರ ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತೆ.